ದಾನ ಅಂತೆ ದಾನ! ಸೀಟಿನ ರೇಟು ಅನ್ರಿ

ನಮಸ್ಕಾರ ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ರು ಬರ್ದಿದ್ದಾರೆ: "ಸಾರ್, ಕಾಲೇಜಿಗೆ ದಾನ ಕೊಟ್ಟೋರಿಗೆ ಅದರ ಸ್ಟೇಡಿಯಂನಲ್ಲಿ ಮ್ಯಾಚ್ ನೋಡೋಕೆ ಒಳ್ಳೆ ಸೀಟ್ ಸಿಕ್ರೆ ನಿಮಗ್ಯಾಕೆ ಹೊಟ್ಟೆ ಉರಿ?" ಉರಿ ಇದೆ ಸ್ವಾಮಿ, ಇಲ್ಲ ಅನ್ನಲ್ಲ. ಆದ್ರೆ ಸೀಟಿಗಲ್ಲ, ಆ "ದಾನ" ಅನ್ನೋ ಮಾತಿಗೆ.

ಊರಲ್ಲಿ ನೋಡ್ತಿರೋರಿಗೆ ಹೇಳ್ತೀನಿ, ಅಮೆರಿಕದ ಕಾಲೇಜ್ ಫುಟ್‌ಬಾಲ್ ಅಂದ್ರೆ ನಮ್ಮ ಇಂಟರ್‌ಕಾಲೇಜ್ ಕಬಡ್ಡಿ ಅಲ್ಲ. ಮಿಷಿಗನ್ ಸ್ಟೇಡಿಯಂ ಒಂದರಲ್ಲೇ 1,07,601 ಜನ ಕೂರ್ತಾರೆ. ಚಿನ್ನಸ್ವಾಮಿಯ ಎರಡೂವರೆ ಪಟ್ಟಿಗೂ ಜಾಸ್ತಿ! ಇಂಥ ಕಡೆ ಐವತ್ತು ಗಜದ ಗೆರೆ, ಅಂದ್ರೆ ಮೈದಾನದ ನಟ್ಟನಡುವಿನ ಗೆರೆ, ಎದುರಿನ ಸೀಟು ಬರೀ ಟಿಕೆಟ್ ದುಡ್ಡಿಗೆ ಬರಲ್ಲ. ಮೊದಲು ಕ್ರೀಡಾ ವಿಭಾಗಕ್ಕೆ "ಕೊಡುಗೆ" ಹಾಕ್ಬೇಕು, ಆಮೇಲೆ ಟಿಕೆಟ್ ಕೊಳ್ಳೋ ಹಕ್ಕು. ಹಕ್ಕು ಅಷ್ಟೇ, ಟಿಕೆಟ್‌ಗೆ ಮತ್ತೆ ದುಡ್ಡು. ಎಷ್ಟು ಕೊಟ್ರಿ, ಎಷ್ಟು ವರ್ಷದಿಂದ ಕೊಡ್ತಿದೀರಿ, ಎಲ್ಲಕ್ಕೂ ಪ್ರಯಾರಿಟಿ ಪಾಯಿಂಟ್ಸ್. ಪಾಯಿಂಟ್ಸ್ ಜಾಸ್ತಿ ಇದ್ದೋರಿಗೆ ಒಳ್ಳೆ ಸೀಟು. ಪಾಯಿಂಟ್ಸ್ ಬರೋ ದಾನ ನಮ್ಮಜ್ಜಿ ಕೇಳಿರಲಿಲ್ಲ.

ನಂದೇ ಕಥೆ. ಯೂನಿವರ್ಸಿಟಿ ಹೆಸರು ಬೇಡ. ಹನ್ನೊಂದು ವರ್ಷ ಸೀಸನ್ ಟಿಕೆಟ್ ಇಟ್ಕೊಂಡಿದ್ದೆ, ಇಪ್ಪತ್ತೆರಡನೇ ಸಾಲು. "ಸೀಟು ಮರುಹಂಚಿಕೆ" ಅಂತ ಕಾಗದ ಬಂತು. ಈಗ ಅರವತ್ನಾಲ್ಕನೇ ಸಾಲು, ಅಲ್ಯೂಮಿನಿಯಂ ಬೆಂಚು. ನವೆಂಬರ್ ಚಳೀಲಿ ಕೂತು ನೋಡಿ, ಎರಡು ಕಂಬಳಿ ಮಡಚಿ ಹಾಕಿದ್ರೂ ಕೆಳಗಿಂದ ತಣ್ಣಗೆ ಏರುತ್ತೆ. ಬೈನಾಕ್ಯುಲರ್‌ನಲ್ಲಿ ನನ್ನ ಹಳೇ ಸೀಟು ನೋಡಿದೆ. ಅಲ್ಲಿ ಕೂತಿದ್ದ ಪುಣ್ಯಾತ್ಮ ಹಾಫ್‌ಟೈಮ್‌ಗೆ ಎದ್ದು ಹೋದ!

ದಾನ ಅಂತೆ! 1988ರ ಒಂದು ಕಾನೂನಲ್ಲಿ ಈ ಸೀಟಿನ ಕೊಡುಗೆಯ ಶೇ. 80ನ್ನ ದಾನ ಅಂತ ತೋರ್ಸಿ ತೆರಿಗೆ ಉಳಿಸ್ಬಹುದಿತ್ತು. 2017ರ ತೆರಿಗೆ ಕಾನೂನು ಅದನ್ನ ತೆಗೀತು, 2018ರಿಂದ ಸೊನ್ನೆ. ಸರ್ಕಾರನೇ ಇದು ದಾನ ಅಲ್ಲ ಅಂದ್ಮೇಲೆ ನಿಮ್ಮದೇನ್ರಿ?

"ಆ ದುಡ್ಡಲ್ಲೇ ಈಜು, ಕುಸ್ತಿ ತಂಡ ನಡೆಯೋದು ಸಾರ್." ನಡೀಲಿ! ಸೋಪಿನ ಅಂಗಡಿಯವನೂ ಲಾಭದಲ್ಲಿ ಮಗಳನ್ನ ಓದಿಸ್ತಾನೆ. ಸೋಪು ತಗೊಂಡು ಬಂದು ದಾನ ಮಾಡ್ದೆ ಅಂತೀರಾ?

ಟೆನ್ನೆಸ್ಸಿ ಯೂನಿವರ್ಸಿಟಿಯವರೇ ವಾಸಿ. ಆಟಗಾರರಿಗೆ ದುಡ್ಡು ಕೊಡ್ಬೇಕು ಅಂತ 2025ರ ಸೀಸನ್ ಟಿಕೆಟ್ ಮೇಲೆ ಶೇ. 10 "ಟ್ಯಾಲೆಂಟ್ ಫೀ" ಹಾಕಿದ್ರು. ಸುಲಿಗೆನೇ, ಆದ್ರೆ ಫೀ ಅಂದ್ರಲ್ಲ! ಡ್ಯೂಕ್ ಯೂನಿವರ್ಸಿಟಿ ನೋಡಿ, ಬ್ಯಾಸ್ಕೆಟ್‌ಬಾಲ್ ಒಳಾಂಗಣ ಕ್ಯಾಮರಾನ್, ಇರೋದೇ 9,314 ಸೀಟು. ಅಂಕಣಕ್ಕೆ ಅಂಟಿಕೊಂಡಿರೋ ಬೆಂಚು ಅಲ್ಲಿ ಓದೋ ಹುಡುಗರದ್ದು. ಬದ್ಧ ಎದುರಾಳಿ ನಾರ್ತ್ ಕ್ಯಾರೊಲಿನಾ ತಂಡದ ಪಂದ್ಯಕ್ಕೆ ಚಳಿಗಾಲದಲ್ಲಿ ವಾರಗಟ್ಟಲೆ ಟೆಂಟ್ ಹಾಕಿ ಮಲಗ್ತಾರೆ. ದಾನಿಗಳು ಹೆಚ್ಚಾಗಿ ಮೇಲಿನ ಹಂತದಲ್ಲಿ. ಗಂಟಲಿದ್ದೋರು ಕೆಳಗೆ, ಗಂಟಿದ್ದೋರು ಮೇಲೆ. ಸದ್ದು ಟೀವೀಲೇ ಕೇಳುತ್ತೆ.

ಇನ್ನೊಬ್ರು ಕೇಳಿದ್ರು, ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲೂ ಪ್ಲಾಟಿನಂ ಪ್ರಾಯೋಜಕರಿಗೆ ಮೊದಲ ಪಂಕ್ತಿ ತಾನೆ ಅಂತ. ಹೌದು ಕಣ್ರೀ. ಹೋದ ಸಲ ನನ್ನ ಪಂಕ್ತಿ ಬರೋ ಹೊತ್ತಿಗೆ ಹೋಳಿಗೆ ಖಾಲಿ, ಬರೀ ಸಾರು. ಅದನ್ನೂ ದಾನ ಅನ್ಬೇಡಿ. ಹೋಳಿಗೆ ರೇಟು ಅನ್ನಿ! ಇನ್ನೂ ಏನೋ ಪಾಯಿಂಟ್ ಬರ್ಕೊಂಡಿದ್ದೆ, ಚೀಟಿ ಎಲ್ಲೋ ಹೋಯ್ತು, ಇರ್ಲಿ.

ಕೆಳಗೆ ಜಾಯಿನ್ ಬಟನ್ ಇದೆ, ಒತ್ತಿ. ಗೋಲ್ಡ್ ಮೆಂಬರ್ ಆದ್ರೆ ನಿಮ್ಮ ಕಾಮೆಂಟ್ ಮೊದಲು ಓದ್ತೀನಿ. ಏನ್ ನಗ್ತೀರಿ? ನಾನು ರೇಟು ಅಂತಲೇ ಬರ್ದಿದೀನಿ.