ಕರೆಂಟ್ ಹೋದ ರಾತ್ರಿ, ಜಗಲಿಗೆ ಬಂದ ದಿಲ್ಲಿ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ವಿಡಿಯೋ ಮುಕ್ಕಾಲು ಪಾಲು ಕತ್ತಲು. ನಿಮ್ಮ ಮೊಬೈಲ್ ಹಾಳಾಗಿಲ್ಲ. ನಮ್ಮೂರಲ್ಲಿ ಕರೆಂಟ್ ಇರಲಿಲ್ಲ, ಅಷ್ಟೇ.

ಊರು ಶಿರಸಿ ಹತ್ತಿರ. ಪೇಟೆಯಿಂದ ಹುಲೇಕಲ್ ರಸ್ತೆ ಹಿಡಿದು, ಡಾಂಬರು ಮುಗಿದ ಮೇಲೂ ಸ್ವಲ್ಪ ಹೋಗಬೇಕು. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಸಮಯ ಅಂತ ಹತ್ತು ದಿನ ರಜೆ ಹಾಕಿ ಬಂದಿದ್ದೆ. ಬೆಂಗಳೂರಿನ ಆಫೀಸಿನಲ್ಲಿ ಕೊನೆಕೊಯ್ಲು ಅಂದರೆ ಏನು ಅಂತ ಹೇಳಿ ಸಾಕಾಗಿ, ಕಡೆಗೆ ಅಕ್ಕನ ಮದುವೆ ಅಂದೆ. ನನಗೆ ಅಕ್ಕ ಇಲ್ಲ.

ಈ ರಾಶಿ ನೋಡಿ. ಅಂದು ಕೊಯ್ದ ಹಸಿ ಅಡಿಕೆ. ಇದನ್ನು ಜಾಸ್ತಿ ಹೊತ್ತು ಇಡುವ ಹಾಗಿಲ್ಲ. ಸುಲಿದು, ತೊಗರಿನಲ್ಲಿ (ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಬೇಯಿಸಿ, ಅಟ್ಟಕ್ಕೆ ಹಾಕಿ ಒಣಗಿಸಬೇಕು. ಆಗ ಅದು ಕೆಂಪಡಿಕೆ. ಸುಲಿಯೋಕೆ ಈಗ ಯಂತ್ರ ಇದೆ, ನಮ್ಮನೆಗೂ ಬಂದು ಮೂರು ವರ್ಷ ಆಯಿತು. ಅದು ಬಂದ ಮೇಲೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಅದರ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಹಾಗಾಗಿ ಜಗಲಿಯ ಮಾತೂ ನಿಂತುಹೋಗಿತ್ತು.

ಅಂದು ಸಂಜೆ ಆರೂವರೆಗೆ ಕರೆಂಟ್ ಹೋಯಿತು. ಎಂಟಾದರೂ ಬರಲಿಲ್ಲ. ಅಪ್ಪಯ್ಯ ಅಟ್ಟ ಹತ್ತಿ ಕೈಯಲ್ಲಿ ಅಡಿಕೆ ಸುಲಿಯುವ ಹಳೆಯ ಮೆಟ್ಟುಗತ್ತಿಗಳನ್ನು ಇಳಿಸಿದರು. ಆಯಿ, ಅಂದರೆ ನನ್ನಮ್ಮ, ಅಕ್ಕಪಕ್ಕದ ಮನೆಗೆಲ್ಲ ಹೇಳಿಕಳಿಸಿದಳು. ಒಂಬತ್ತಕ್ಕೆಲ್ಲ ಜಗಲಿ ತುಂಬಿತು. ಮಧ್ಯದಲ್ಲಿ ಒಂದು ಚಾರ್ಜರ್ ಲೈಟು, ಸುತ್ತ ಹನ್ನೊಂದು ಜನ.

ಈಗ ಕೇಳ್ತಾ ಇದೆಯಲ್ಲ, ಚರಕ್ ಚರಕ್ ಅಂತ, ಅದು ಮೆಟ್ಟುಗತ್ತಿ ಸದ್ದು. ಅಡಿಕೆಯನ್ನು ಕತ್ತಿಯ ಬಾಯಿಗೆ ಒತ್ತಿ ಸಣ್ಣಗೆ ತಿರುವಬೇಕು. ಸಿಪ್ಪೆ ಎರಡು ಹೋಳಾಗಿ ಬಿಡುತ್ತದೆ, ಒಳಗಿನ ಬೇಳೆ ಬುಟ್ಟಿಗೆ ಬೀಳುತ್ತದೆ. ನೋಡೋಕೆ ಸುಲಭ. ನಾನು ಹತ್ತು ಸುಲಿಯುವಷ್ಟರಲ್ಲಿ ನನ್ನ ಪಕ್ಕ ಕೂತ ಅಕ್ಕ ಐವತ್ತು ಮುಗಿಸಿದ್ದರು. ಈ ಶಾಟ್‌ನಲ್ಲಿ ಕಾಣುತ್ತಿರುವ ಕಪ್ಪು ಬೆರಳು ನನ್ನದು. ಈ ಕಲೆ ಸೋಪಿಗೂ ಹೋಗಲ್ಲ, ಲಿಂಬೆಹಣ್ಣಿಗೂ ಹೋಗಲ್ಲ. ಸೋಮವಾರದ ಮೀಟಿಂಗಿಗೂ ಇದೇ ಕೈ.

ಮಾತು ಶುರುವಾಗಿದ್ದು ಕರೆಂಟಿನಿಂದ. ಕೆಳಗಿನ ಮನೆ ಭಾವ ಬಾಯಿ ತೆಗೆದದ್ದೇ ಕೈಗಾದ ಮೇಲೆ. ಅಂದಹಾಗೆ ಇವರು ಯಾವ ಸಂಬಂಧದಲ್ಲಿ ಭಾವ ಅಂತ ನನಗೂ ಗೊತ್ತಿಲ್ಲ. ನಮ್ಮಲ್ಲಿ ಕರೆಯೋಕೆ ಬೇರೆ ಏನೂ ಸಿಗದಿದ್ದರೆ ಭಾವ. ಅವರು ನಮ್ಮ ಅಪ್ಪಚ್ಚಿಯನ್ನೂ (ಚಿಕ್ಕಪ್ಪ) ಭಾವ ಅಂತಾರೆ, ಅಪ್ಪಚ್ಚಿಯೂ ಅವರನ್ನು ಭಾವ ಅಂತಾರೆ. ಬೈಯುವಾಗಲೂ ಭಾವನೇ.

ಕೈಗಾ ನಮ್ಮ ಜಿಲ್ಲೆಯಲ್ಲೇ ಇರುವ ಅಣು ವಿದ್ಯುತ್ ಸ್ಥಾವರ. 220 ಮೆಗಾವಾಟಿನ ನಾಲ್ಕು ಘಟಕ ಇವೆ. ಅದರ ಒಂದನೇ ಘಟಕ 2018ರಲ್ಲಿ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತ್ತು. ಅದರ ಜೊತೆಗೆ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟೆಗಳು. "962 ದಿನ ಅಡ ಭಾವ. ನಮ್ಮನೆ ಬಲ್ಬು 962 ನಿಮಿಷ ಉರಿದದ್ದು ಯಾರಿಗಾದ್ರೂ ನೆನಪಿದ್ದಾ?" ಅಂದರು ಅಪ್ಪಚ್ಚಿ. ಮಳೆಗಾಲದಲ್ಲಿ ತಂತಿ ಮೇಲೆ ಮರ ಬೀಳುತ್ತದೆ, ಅದಕ್ಕೂ ಕೈಗಾಕ್ಕೂ ಸಂಬಂಧ ಇಲ್ಲ ಅಂತ ಭಾವ. ಈಗ ಮಳೆಗಾಲ ಅಲ್ಲವಲ್ಲ ಅಂತ ಅಪ್ಪಚ್ಚಿ. ಅಲ್ಲಿಂದ ದಿಲ್ಲಿಗೆ ಹೋಗಲು ಎರಡು ನಿಮಿಷವೂ ಬೇಕಾಗಲಿಲ್ಲ.

ಭಾವ ಕಮಲ, ಅಪ್ಪಚ್ಚಿ ಕೈ. ಇದರಲ್ಲಿ ಗುಟ್ಟೇನಿಲ್ಲ, ಊರಿಗೇ ಗೊತ್ತು. 2024ರ ಮೇ 7ರಂದು ನಮ್ಮ ಕ್ಷೇತ್ರದ ಮತದಾನ. ಅಂದು ಇಬ್ಬರೂ ಒಂದೇ ಬೈಕಿನಲ್ಲಿ ಶಾಲೆಗೆ ಹೋಗಿ ವೋಟು ಹಾಕಿ ಬಂದಿದ್ದರು. ಪೆಟ್ರೋಲ್ ಯಾರದ್ದು ಅನ್ನುವ ಬಗ್ಗೆ ಮಾತ್ರ ಇನ್ನೂ ತಕರಾರಿದೆ.

ಅಡಿಕೆ ಸುಲಿಯುತ್ತಾ ದಿಲ್ಲಿ ಬಗ್ಗೆ ಮಾತಾಡುವುದು ವಿಚಿತ್ರ ಅನಿಸಬಹುದು. ಆದರೆ ಕೈಯಲ್ಲಿದ್ದದ್ದೇ ಆ ವಿಷಯ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆ ತರಲು ಒಪ್ಪಿಗೆ ಕೊಟ್ಟಿತು. ಅದಕ್ಕೆ ಕನಿಷ್ಠ ಆಮದು ಬೆಲೆಯ ಷರತ್ತೂ ಇರಲಿಲ್ಲ. ಆಮೇಲೆ 2023ರ ಫೆಬ್ರವರಿಯಲ್ಲಿ ಅದೇ ಸರ್ಕಾರ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅಂದರೆ ಅದಕ್ಕಿಂತ ಅಗ್ಗದ ಅಡಿಕೆ ಹೊರಗಿನಿಂದ ಬರಬಾರದು ಅಂತ. ಭಾವ ಹಿಡಿದುಕೊಂಡದ್ದು 351. ಅಪ್ಪಚ್ಚಿ ಹಿಡಿದುಕೊಂಡದ್ದು 17 ಸಾವಿರ.

"ದೇಶದಲ್ಲಿ ಬೆಳೆಯೋದು ಲಕ್ಷಗಟ್ಟಲೆ ಟನ್ನು. ಅದರ ಮುಂದೆ 17 ಸಾವಿರ ಎಂತ ಲೆಕ್ಕ?" ಅಂತ ಭಾವ.

"ಲೆಕ್ಕ ನಿಂಗೆ ಇಲ್ಲೆ. ವ್ಯಾಪಾರಿಗೆ ಇದ್ದು. ಅಂವ ಭೂತಾನ ಹೇಳಿ ಬಾಯಿ ಬಿಟ್ಟರೆ ಸಾಕು, ನಮ್ಮ ರೇಟು ಬಿತ್ತು."

ನನಗೆ ಅಪ್ಪಚ್ಚಿ ಮಾತು ಸರಿ ಅನಿಸಿತು. ಸುಮ್ನೆ ಪಕ್ಷ ವಹಿಸಿ ಹೇಳುತ್ತಿಲ್ಲ. ಟನ್ನಿನ ಲೆಕ್ಕದಲ್ಲಿ ಭಾವ ಸರಿ ಇರಬಹುದು, ಆದರೆ ಮಂಡಿಯಲ್ಲಿ ನಡೆಯೋದು ಟನ್ನಿನ ಲೆಕ್ಕ ಒಂದೇ ಅಲ್ಲ. ಸುದ್ದಿಗೂ ತೂಕ ಇದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅಡಿಕೆ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆಯಲ್ಲ, ಅದರ ಬಗ್ಗೆ ಏನು ಅಂತ ಕೇಳಿಬಿಟ್ಟೆ. ಭಾವ, ಅಪ್ಪಚ್ಚಿ ಒಂದೇ ಸಲಕ್ಕೆ ನನ್ನ ಕಡೆ ತಿರುಗಿದರು. ಅಷ್ಟು ಹೊತ್ತಿನಲ್ಲಿ ಅವರಿಬ್ಬರೂ ಒಂದೇ ಪಕ್ಷಕ್ಕೆ ಬಂದದ್ದು ಅದೇ ಮೊದಲು. ಮೂಲೆಯಲ್ಲಿ ಕೂತಿದ್ದ ಮೇಲಿನ ಮನೆ ಅಜ್ಜ ಕವಳದ (ಎಲೆ ಅಡಿಕೆ) ತಬಕು ನನ್ನ ಕಡೆ ತಳ್ಳಿ, "ಬಾರೆ ಕೂಸೆ, ಮೊದಲು ಒಂದು ಕವಳ ಹಾಕು" ಅಂದರು. ಎಂಬತ್ತು ದಾಟಿದ ಬಾಯಿ, ಕೆಂಪು ಕೆಂಪು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಸತ್ಯ ಹೇಳಬೇಕು ಅಂದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನನ್ನ ಕಾಲೇಜಿನ ಫೀಸು ಬಂದದ್ದು ಈ ರಾಶಿಯಿಂದ. ಈ ರಾಶಿ ಹೋಗುವುದು ಅಜ್ಜನ ತಬಕಿಗೆ ಅಲ್ಲ. ಅದರ ದೊಡ್ಡ ಪಾಲು ಉತ್ತರದ ಕಡೆ ಪಾನ್ ಮಸಾಲಾ ಆಗುತ್ತದೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದಾಗ ಅಪ್ಪಯ್ಯ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅಪ್ಪಯ್ಯ ಗುಟ್ಕಾ ಮುಟ್ಟಿದವರಲ್ಲ.

ಅಜ್ಜನ ಬಗ್ಗೆ ಸ್ವಲ್ಪ ಹೇಳಬೇಕು. ಅವರ ಮೊದಲ ವೋಟು 1967ರದ್ದು. ಆ ಚುನಾವಣೆಯಲ್ಲಿ ನಮ್ಮ ಜಿಲ್ಲೆ ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿತ್ತು. ಚುಟುಕು ಬರೆಯುತ್ತಿದ್ದ ಕವಿಯನ್ನು! ಅಜ್ಜ ಇದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಆಮೇಲೆ 1983ರ ಅಪ್ಪಿಕೋ ಚಳವಳಿ. ಸಾಲ್ಕಣಿ ಕಡೆಯ ಕಾಡಿನಲ್ಲಿ ಜನ ಮರ ತಬ್ಬಿ ನಿಂತಾಗ ತಾನೂ ಇದ್ದೆ ಅಂತಾರೆ. ಅಮ್ಮಮ್ಮ ಇದ್ದಾಗ "ಅವರು ಹೋದದ್ದು ಮಾರನೇ ದಿನ" ಅಂತ ತಿದ್ದುತ್ತಿದ್ದರು. ಈಗ ತಿದ್ದುವವರು ಇಲ್ಲ.

ಅಂದು ಅಜ್ಜ ಎತ್ತಿದ್ದು ಬೇಡ್ತಿ ವಿಷಯ. ಬೇಡ್ತಿ ನದಿಯನ್ನು ವರದಾ ನದಿಗೆ ಜೋಡಿಸುವ ಯೋಜನೆ ಈಗ ಮತ್ತೆ ಸುದ್ದಿಯಲ್ಲಿ ಇದೆಯಲ್ಲ, ಅದು. ಬಯಲುಸೀಮೆಗೆ ನೀರು ಬೇಕು, ನಿಜ. ಆದರೆ ಬೇಸಿಗೆಯಲ್ಲಿ ನಮ್ಮ ಹಳ್ಳ, ಬಾವಿಗಳ ಕತೆ ಏನು? ಘಟ್ಟದ ಕಾಡಿನ ಕತೆ ಏನು? ಈ ಮಾತಿಗೆ ಕಮಲವೂ ತಲೆ ಆಡಿಸಿತು, ಕೈಯೂ ತಲೆ ಆಡಿಸಿತು. ಇದೇ ಬೇಡ್ತಿಗೆ ಹಿಂದೆ ಜಲವಿದ್ಯುತ್ ಅಣೆಕಟ್ಟೆ ಕಟ್ಟಲು ಹೊರಟಿದ್ದರು. ಆಗ 1981ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ತಾವೇ ತಜ್ಞರನ್ನು ಕರೆಸಿ ವಿಚಾರ ಸಂಕಿರಣ ಮಾಡಿಸಿದ್ದರು. ಮುಳುಗುವ ತೋಟಕ್ಕೆ ಎಷ್ಟು, ಹೋಗುವ ಕಾಡಿಗೆ ಎಷ್ಟು, ಬರುವ ಕರೆಂಟಿಗೆ ಎಷ್ಟು ಅಂತ ಲೆಕ್ಕ. ಯೋಜನೆ ನಿಂತಿತು. "ಆವತ್ತು ಕೂಗಿದ್ದು ಕಮ್ಮಿ, ಲೆಕ್ಕ ಹಾಕಿದ್ದು ಜಾಸ್ತಿ" ಅಂದರು ಅಜ್ಜ. ಭಾವ ಅದಕ್ಕೆ ಕೂಗಿ ಉತ್ತರ ಕೊಟ್ಟರು. ಏನಂದರು ಅಂತ ಆಡಿಯೋದಲ್ಲಿ ಸರಿಯಾಗಿ ಕೇಳ್ತಿಲ್ಲ, ನಾಯಿ ಬೊಗಳಿದೆ.

ಆಸ್ಪತ್ರೆ ವಿಷಯ ಬೇಗ ಮುಗಿಯಿತು. ಅದರಲ್ಲಿ ವಾದ ಮಾಡಲು ಏನೂ ಇಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಸೋಶಿಯಲ್ ಮೀಡಿಯಾ ತುಂಬಾ ಬರೆದಿದ್ದೆವು, ನಾನೂ ಬರೆದಿದ್ದೆ. ಈಗಲೂ ಹೃದಯ, ತಲೆ ಅಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗಾಡಿ ಓಡಿಸಬೇಕು. ಅಮ್ಮಮ್ಮನನ್ನು ಕರೆದುಕೊಂಡು ಹೋದ ರಾತ್ರಿ ಗಾಡಿ ಓಡಿಸಿದ್ದು ಕೆಳಗಿನ ಮನೆ ಭಾವ. ಪಕ್ಕದಲ್ಲಿ ಕೂತವರು ಅಪ್ಪಚ್ಚಿ. ಆ ರಾತ್ರಿ ಇಬ್ಬರೂ ದಿಲ್ಲಿ ಸುದ್ದಿ ಎತ್ತಿರಲಿಲ್ಲವಂತೆ.

ಹನ್ನೊಂದರ ಹೊತ್ತಿಗೆ ಆಯಿ ಕಷಾಯ, ಖಾರದ ಅವಲಕ್ಕಿ ತಂದಳು. ಮಾತು ಗ್ಯಾರಂಟಿಗೆ ಬಂದಿತ್ತು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆಯಿತಲ್ಲ, ಅದು ಸರಿಯೋ ತಪ್ಪೋ ಅಂತ. ಭಾವ ಖಜಾನೆ ಖಾಲಿ ಅಂದರು. ಅಪ್ಪಚ್ಚಿ ಹೆಂಗಸರಿಗೆ ಕೈಯಲ್ಲಿ ನಾಲ್ಕು ಕಾಸು ಉಳಿಯಿತು ಅಂದರು. ಹೆಂಗಸರ ಬಸ್ಸಿನ ಬಗ್ಗೆ ಗಂಡಸರು ಇಪ್ಪತ್ತು ನಿಮಿಷ ಮಾತಾಡಿದರು. ನಾನು ಟೈಮ್ ನೋಡಿಕೊಂಡಿದ್ದೇನೆ.

ನನ್ನ ಪಕ್ಕದ ಅಕ್ಕ ಅಷ್ಟು ಹೊತ್ತು ಒಂದು ಮಾತೂ ಆಡಿರಲಿಲ್ಲ. ಹಳ್ಳದ ಆಚೆ ಕೇರಿಯವರು. ಸುಗ್ಗಿಯಲ್ಲಿ ನಮ್ಮ ಮೂರೂ ಮನೆಗೆ ಕೆಲಸಕ್ಕೆ ಬರುತ್ತಾರೆ. ಕತ್ತಿಯಿಂದ ಕಣ್ಣು ಎತ್ತದೆ ಹೇಳಿದರು.

"ಬಸ್ಸಿಗೆ ದುಡ್ಡು ಬೇಡ ಅಂದ್ರು, ಒಳ್ಳೇದೇ ಆಯ್ತು ಹೆಗಡೇರೆ. ಆದ್ರೆ ಬಸ್ ಹತ್ಬೇಕು ಅಂದ್ರೆ ಸಂಕ ದಾಟ್ಬೇಕಲ್ಲ. ಆ ಸಂಕ ಯಾವ ಸರ್ಕಾರದ್ದು?"

ಈಗ ಬರುವುದು ಕೇಳಿ.

ಚರಕ್. ಚರಕ್. ಚರಕ್.

ಇದನ್ನು ನಾನು ನಿಧಾನ ಮಾಡಿಲ್ಲ, ಕತ್ತರಿಸಿಯೂ ಇಲ್ಲ. ಪೂರ್ತಿ ನಲವತ್ತು ಸೆಕೆಂಡು ಯಾರೂ ಮಾತಾಡಲಿಲ್ಲ. ಭೂತಾನ, ಬೇಡ್ತಿ, ಖಜಾನೆ ಎಲ್ಲದಕ್ಕೂ ಉತ್ತರ ಇದ್ದ ಜಗಲಿ ಇದು.

ಸಂಕ ಅಂದರೆ ಗೊತ್ತಲ್ವಾ? ಹಳ್ಳಕ್ಕೆ ಅಡ್ಡ ಹಾಕಿದ ನಾಲ್ಕು ಅಡಿಕೆ ಮರದ ದಬ್ಬೆ. ಹಿಡಿದುಕೊಳ್ಳಲು ಒಂದು ಕಡೆ ತಂತಿ. ಮಳೆಗಾಲದಲ್ಲಿ ಹಳ್ಳ ಸಂಕದ ಮಟ್ಟಕ್ಕೆ ಬರುತ್ತದೆ. ಕೇರಿಯ ಮಕ್ಕಳು ಆಗ ಶಾಲೆಗೆ ಬರುವುದಿಲ್ಲ. ಅಲ್ಲೊಂದು ಸಣ್ಣ ಸೇತುವೆ ಮಾಡಬಹುದು. ಆದರೆ ದಾರಿಗೆ ಈ ಕಡೆ ಒಬ್ಬರ ತೋಟದ ಎರಡು ಸಾಲು ಅಡಿಕೆ ಮರ ಹೋಗಬೇಕು. ಆ ಕಡೆ ಇನ್ನೊಬ್ಬರ ಸೊಪ್ಪಿನ ಬೆಟ್ಟದಲ್ಲಿ ಸ್ವಲ್ಪ ಜಾಗ ಬಿಡಬೇಕು. ಯಾರ ತೋಟ, ಯಾರ ಬೆಟ್ಟ ಅಂತ ಕಮೆಂಟಿನಲ್ಲಿ ಕೇಳಬೇಡಿ. ಹೇಳಲ್ಲ.

ನಲವತ್ತು ಸೆಕೆಂಡು ಆದ ಮೇಲೆ ಮಾತು ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಮೆಲ್ಲಗೆ ಅಲ್ಲ. 1990ರ ದಶಕದ ಬೇಲಿಯೊಂದು ಬಂತು. ಯಾರದ್ದೋ ಮದುವೆಗೆ ಯಾರೋ ಕರೆಯದೆ ಇದ್ದದ್ದು ಬಂತು. ಆರು ನಿಮಿಷದ ಆ ಭಾಗ ಈ ವಿಡಿಯೋದಲ್ಲಿ ಇಲ್ಲ. ಮರುದಿನ ಎಡಿಟ್ ಮಾಡುತ್ತಾ ಕೂತಾಗ ಆಯಿ ಹಿಂದೆ ಬಂದು ನಿಂತು ಪೂರ್ತಿ ನೋಡಿದಳು. "ದಿಲ್ಲಿದು ಎಂತ ಬೇಕಾರೂ ಹಾಕು. ಸಂಕದ್ದು ಮಾತ್ರ ಹಾಕಡ" ಅಂದಳು. ಅಷ್ಟರಲ್ಲಿ ಅಪ್ಪಚ್ಚಿಯ ಫೋನು ಬಂತು, ಅದೇ ಮಾತು. ಸಂಜೆ ಭಾವ ಹಾಲು ತಗೊಂಡು ಹೋಗೋಕೆ ಬಂದವರು, ಅವರೂ ಅದೇ ಮಾತು. ಪ್ರಧಾನಿಗೆ ಬೈದದ್ದು, ಮುಖ್ಯಮಂತ್ರಿಗೆ ಬೈದದ್ದು ಎಲ್ಲ ಇಟ್ಟುಕೋ, ಅಡ್ಡಿಲ್ಲ ಅಂದರು. ಅವರ್ಯಾರೂ ನಾಳೆ ಹಾಲಿಗೆ ಬರುವವರಲ್ಲವಲ್ಲ!

ಅಕ್ಕನನ್ನೂ ಕೇಳಿದೆ, ನಿಮ್ಮ ಪ್ರಶ್ನೆ ಇಟ್ಟುಕೊಳ್ಳಲಾ ಅಂತ. "ನಂದು ಇರ್ಲಿ ತಂಗಿ. ಮುಖ ಬೇಡ, ಮಾತು ಇರ್ಲಿ" ಅಂದರು. ಅದಕ್ಕೇ ಆ ಜಾಗದಲ್ಲಿ ನಿಮಗೆ ಬರೀ ಕೈ ಕಾಣುತ್ತದೆ.

ಹನ್ನೆರಡೂವರೆಗೆ ರಾಶಿ ಮುಗಿಯಿತು. ಅಷ್ಟು ಹೊತ್ತಿಗೆ ಕರೆಂಟ್ ಬಂತು. ಹೊತ್ತು ನೋಡಿ ಬಂದ ಹಾಗೆ! ಯಂತ್ರದ ಸ್ವಿಚ್ ಹಾಕಿಯೇ ಇತ್ತು, ಖಾಲಿ ಯಂತ್ರ ಗರಗರ ಅಂತ ತಿರುಗೋಕೆ ಶುರುಮಾಡಿತು. ಅಪ್ಪಯ್ಯ ಓಡಿಹೋಗಿ ಆರಿಸಿದರು.

ಇದು ಬೆಳಗ್ಗೆ ಏಳು ಗಂಟೆ. ಮಂಜು. ಅಕ್ಕನ ಜೊತೆ ಹಳ್ಳದ ಕಡೆ ಹೊರಟಿದ್ದೇನೆ, ಅವರ ಕೇರಿ ತೋರಿಸೋಣ ಅಂತ. ಅವರು ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಹೇಗೆ ದಾಟುತ್ತಾರೆ ನೋಡಿ, ತಂತಿ ಮುಟ್ಟುವುದೂ ಇಲ್ಲ. ಮೂರನೇ ದಬ್ಬೆ ಅಲ್ಲಾಡುತ್ತದೆ, ಅದನ್ನು ಬಿಟ್ಟು ಕಾಲಿಡಬೇಕಂತೆ. ಈಗ ನನ್ನ ಸರದಿ.

ಸ್ಕ್ರೀನ್ ಕಪ್ಪಾಯಿತು ಅಲ್ವಾ? ಫೋನ್ ಜೇಬಿಗೆ ಹಾಕಿದ್ದೇನೆ. ಇಲ್ಲಿ ಎರಡೂ ಕೈ ಬೇಕು.