ಹಂಡೆ ಒಲೆ, ಹೊಗೆ ಮತ್ತು ಅರ್ಧ ಕೆಜಿ ಸೌದೆ

ಎಲ್ಲರಿಗೂ ನಮಸ್ಕಾರ. ಮೈಕು ಸ್ವಲ್ಪ ಹಿಂದೆ ಸರಿಸಿ, ನನ್ ಗಂಟಲು ದೊಡ್ಡದು, ಇಷ್ಟು ಸಣ್ಣ ಸಭೆಗೆ ಅದೇ ಸಾಕು.

ನಾಡಿದ್ದು ನೀರು ತುಂಬೋ ಹಬ್ಬ. ಎಲ್ಲರ ಮನೇಲೂ ಬಚ್ಚಲು ತಿಕ್ಕಿ ತೊಳ್ದು, ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳ್ದು, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಕಟ್ಟಿ ಮದುವಣಗಿತ್ತಿ ಥರ ಮಾಡ್ತೀವಿ. ಆದ್ರೆ ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ: ಹಂಡೆಯ ಅಡಿ ನೋಡಿ ಎಷ್ಟು ವರ್ಷ ಆಯ್ತು? ಹೊರಗಿಂದು ಫಳಫಳ, ಅಡೀಲಿ ಬೆರಳು ದಪ್ಪ ಮಸಿ. ಇವತ್ತಿನ ನನ್ನ ಮಾತೆಲ್ಲ ಆ ಅಡಿಯ ಬಗ್ಗೆನೇ.

ಮೊದಲು ಒಂದು ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. ಐದು ಜನರ ಮನೆ, ತಲೆಗೆ ಇಪ್ಪತ್ತು ಲೀಟರ್ ಬಿಸಿನೀರು ಅಂದ್ರೆ ನೂರು ಲೀಟರ್. ನಮ್ಮ ಬಾವಿ ನೀರಿಗಿಂತ ಒಂದಿಪ್ಪತ್ತು ಡಿಗ್ರಿ ಜಾಸ್ತಿ ಇದ್ರೆ ಸ್ನಾನಕ್ಕೆ ಹದ. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಏರಿಸೋಕೆ ಒಂದು ಕಿಲೋಕ್ಯಾಲರಿ ಬೇಕು, ಶಾಲೇಲಿ ಓದಿರ್ತೀರಿ, ಹಾಗಾಗಿ ನೂರು ಇಂಟು ಇಪ್ಪತ್ತು, 2000 ಕಿಲೋಕ್ಯಾಲರಿ. ಚೆನ್ನಾಗಿ ಒಣಗಿದ ಒಂದು ಕೆಜಿ ಸೌದೇಲಿ ಹೆಚ್ಚುಕಮ್ಮಿ 3500ರಿಂದ 4000 ಕಿಲೋಕ್ಯಾಲರಿ ಇರುತ್ತೆ. ಅಂದ್ರೆ ಏನಾಯ್ತು? ಮನೆಮಂದಿಗೆಲ್ಲ ಸ್ನಾನಕ್ಕೆ ಅರ್ಧ ಕೆಜಿ, ಹೆಚ್ಚಂದ್ರೆ ಆರುನೂರು ಗ್ರಾಂ ಸೌದೆ. ನಗಬೇಡಿ, ಲೆಕ್ಕ ಸರಿಯಾಗೇ ಇದೆ. ಅಡಿಕೆ ತೂಗೋ ತಕ್ಕಡೀಲಿ ನಾನು ನಮ್ಮನೆ ಹಳೇ ಬಚ್ಚಲೊಲೆಗೆ ಒಂದು ವಾರ ಸೌದೆ ತೂಗಿ ಹಾಕಿದ್ದೆ, ನನ್ ಹೆಂಡತಿ ಇವರಿಗೆ ಏನೋ ಆಗಿದೆ ಅಂದ್ಕೊಂಡಿದ್ಲು, ದಿನಕ್ಕೆ ಏಳು ಕೆಜಿ ಬಂತು. ಅರ್ಧ ಕೆಜಿ ಕೆಲಸಕ್ಕೆ ಏಳು ಕೆಜಿ ಕೂಲಿ!

ಉಳಿದ ಆರೂವರೆ ಕೆಜಿ ಎಲ್ ಹೋಯ್ತು? ಸ್ವಲ್ಪ ಗೋಡೆಗೆ, ಸ್ವಲ್ಪ ಗಾಳಿಗೆ, ಇನ್ ಸ್ವಲ್ಪ ಉರೀದೇನೇ ಹೋಗಿದೆ. ಉರೀದೆ ಹೋಗಿದ್ದಕ್ಕೆ ನಾವಿಟ್ಟಿರೋ ಹೆಸರು ಹೊಗೆ.

ಇದನ್ನ ಸರಿಯಾಗಿ ತಲೆಗೆ ಹಾಕ್ಕೊಂಡ್ರೆ ಮುಂದಿಂದೆಲ್ಲ ಸುಲಭ. ಸೌದೆ ಅನ್ನೋದು ನೇರವಾಗಿ ಉರಿಯೋ ವಸ್ತು ಅಲ್ಲ ಮಾರಾಯ್ರೆ. ಅದಕ್ಕೆ ಕಾವು ತಾಗಿದಾಗ ಮೊದಲು ನೀರು ಆರುತ್ತೆ, ಆಮೇಲೆ ಅದರಿಂದ ಗ್ಯಾಸ್ ಬಿಡೋಕೆ ಶುರುವಾಗುತ್ತೆ, ನಾವು ನೋಡೋ ಜ್ವಾಲೆ ಆ ಗ್ಯಾಸಿಂದು. ಸೌದೆ ತೂಕದಲ್ಲಿ ಮುಕ್ಕಾಲು ಪಾಲು ಹೀಗೆ ಗ್ಯಾಸಾಗೇ ಹೋಗೋದು, ಕೊನೆಗೆ ಉಳಿಯೋದು ಕೆಂಡ. ಆ ಗ್ಯಾಸ್ ಪೂರ್ತಿ ಉರೀಬೇಕು ಅಂದ್ರೆ ಮೂರು ಬೇಕು: ಜೋರು ಕಾವು, ಅಂದಾಜು ಆರುನೂರು ಡಿಗ್ರಿಗೂ ಮೇಲೆ, ಸಾಕಷ್ಟು ಗಾಳಿ, ಆಮೇಲೆ ಆ ಗಾಳಿ ಜೊತೆ ಕಲೆಯೋಕೆ ಸ್ವಲ್ಪ ಜಾಗ, ಸ್ವಲ್ಪ ಹೊತ್ತು. ಈಗ ನಮ್ಮ ಬಚ್ಚಲೊಲೇಲಿ ಏನಾಗುತ್ತೆ ನೋಡಿ. ಬೆಂಕಿ ಮೇಲೆ ಒಂದ್ ಗೇಣು ಜಾಗ ಇಲ್ಲ, ಅಲ್ಲೇ ಹಂಡೆ ಕೂತಿದೆ. ಹಂಡೆ ತುಂಬ ನೀರು. ನೀರು ಎಷ್ಟು ಕುದಿದ್ರೂ ನೂರು ಡಿಗ್ರಿ ದಾಟಲ್ಲ, ನಮ್ಮ ಕೈಗೆ ಅದು ಸುಡೋ ಬಿಸಿ, ಆದ್ರೆ ಜ್ವಾಲೆ ಲೆಕ್ಕದಲ್ಲಿ ಹಂಡೆ ಅಡಿ ಐಸು. ಅರ್ಧ ಉರಿದ ಗ್ಯಾಸ್ ಹೋಗಿ ಆ ತಣ್ಣನೆ ಲೋಹಕ್ಕೆ ತಾಗಿದ ತಕ್ಷಣ ಆರಿ ಹೋಗುತ್ತೆ. ಫ್ರಿಜ್ಜಿಂದ ತೆಗೆದ ಮಜ್ಜಿಗೆ ಲೋಟದ ಹೊರಗೆ ನೀರು ಬೆವರುತ್ತಲ್ಲ, ಹಾಗೆ ಹಂಡೆ ಅಡೀಲಿ ಮಸಿ, ಟಾರು ಬೆವರುತ್ತೆ. ಆ ಮಸಿ ಕಂಬಳಿ ಹೊದ್ದ ಹಾಗೆ, ನಾಳೆಯಿಂದ ಶಾಖನೂ ಸರಿಯಾಗಿ ಒಳಗೆ ಬಿಡಲ್ಲ. ಮಿಕ್ಕಿದ್ದು ಹೊಗೆಯಾಗಿ ಒಳಗೆ ಬಂದು ಹೆಂಗಸರ ಕಣ್ಣಿಗೆ, ಎದೆಗೆ.

ಹಾಗಾಗಿ ಒಳ್ಳೆ ಒಲೆ ಯಾವುದು ಅಂತ ಕೇಳಿದ್ರೆ ನನ್ನ ಉತ್ತರ ಇಷ್ಟೇ: ಬೆಂಕಿಗೆ ಮೊದಲು ಪೂರ್ತಿ ಉರಿಯೋಕೆ ಬಿಟ್ಟು, ಆಮೇಲೆ ನೀರಿನ ಹತ್ರ ಕಳಿಸೋ ಒಲೆ.

ಇದು ನನ್ ತಲೇಲಿ ಹುಟ್ಟಿದ್ದಲ್ಲ. ನಮ್ಮ ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟ್, ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಅಸ್ತ್ರ ಅಂತ ಒಂದು ವಿಭಾಗ ಶುರು ಮಾಡಿದ್ರು, ಹಳ್ಳಿಗೆ ಬೇಕಾದ ವಿಜ್ಞಾನ ಮಾಡೋಕೆ. ಕುಣಿಗಲ್ ತಾಲೂಕಿನ ಉಂಗ್ರ ಅನ್ನೋ ಹಳ್ಳೀಲಿ ಅವರ ಕೇಂದ್ರ ಇತ್ತು. ಅಲ್ಲಿಂದ ಬಂದಿದ್ದೇ ಅಸ್ತ್ರ ಒಲೆ. ನಿಮ್ಮಲ್ಲಿ ಕೂದ್ಲು ನೆರೆತವರಿಗೆಲ್ಲ ನೆನಪಿರುತ್ತೆ, ಮೂರು ಪಾತ್ರೆ ಕೂರೋದು, ಕೆಳಗೆ ಸರಳಿನ ಜಾಲರಿ, ಹಿಂದೆ ಚಿಮಣಿ. ಮಲೆನಾಡಲ್ಲಿ ಎಷ್ಟೋ ಮನೆಗೆ ಬಂತು. ಕೆಲವು ಈಗ್ಲೂ ಉರೀತಿವೆ, ಕೆಲವಕ್ಕೆ ಯಾರೋ ಪುಣ್ಯಾತ್ಮರು ದೊಡ್ಡ ಮರದ ಕುಂಟೆ ತೂರಲಿ ಅಂತ ಬಾಯಿ ಒಡೆದು ಅಗಲ ಮಾಡಿದ್ರು, ಅಲ್ಲಿಗೆ ಅದರ ಕಥೆ ಮುಗೀತು. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಲ್ಯಾರಿ ವಿನಿಯಾರ್ಸ್ಕಿ ಅನ್ನೋರು ರಾಕೆಟ್ ಒಲೆ ಮಾಡಿದ್ರು. ಇಂಗ್ಲಿಷಿನ ಎಲ್ ಅಕ್ಷರದ ಆಕಾರ, ಅಡ್ಡ ಬಾಯಲ್ಲಿ ಸೌದೆ, ಉದ್ದ ಕೊಳವೇಲಿ ಜ್ವಾಲೆ, ಆ ಕೊಳವೆ ಸುತ್ತ ಶಾಖ ಹೀರದ ಹಗುರ ವಸ್ತು, ಜ್ವಾಲೆ ಅಲ್ಲೇ ಉರಿದು ಮುಗ್ಸಿ ಮೇಲೆ ಬರುತ್ತೆ. ಅಡುಗೆ ಈಗ ಗ್ಯಾಸಿಗೆ ಹೋಗಿದೆ, ಉಜ್ವಲದ ಸಿಲಿಂಡರ್ ಬಂದ ಮನೇಲೂ ಬಚ್ಚಲು ಮಾತ್ರ ಸೌದೇಲೇ ಉಳ್ಕೊಂಡಿದೆ, ಆದ್ರೆ ಸುಧಾರಿಸಿದ ಒಲೆ ಅಂದ್ರೆ ಎಲ್ಲರೂ ಅಡುಗೆಮನೆ ಕಡೆನೇ ನೋಡ್ತಾರೆ, ಬಚ್ಚಲ ಕಡೆ ತಿರುಗಿ ನೋಡೋರೇ ಇಲ್ಲ, ಇದು ನನ್ನ ಹಳೇ ಕೋಪ.

ಸರಿ, ಏನು ತಗೋಬೇಕು.

ಪೇಟೇಲಿ ಸಿಗೋದ್ರಲ್ಲಿ ಮೊದಲ್ನೇದು ತಾಮ್ರದ ಬಾಯ್ಲರು, ಬೆಳಗಾವಿ ಕಡೆ ಬಂಬ ಅಂತಾರೆ. ನಡುವೆ ಹೊಗೆ ಕೊಳವೆ, ಸುತ್ತ ನೀರು, ಅಡೀಲಿ ಬೆಂಕಿ, ಮೇಲಿಂದ ಒಂದ್ ಚೊಂಬು ತಣ್ಣೀರು ಹುಯ್ದ್ರೆ ಪಕ್ಕದ ಮೂತಿಯಿಂದ ಒಂದ್ ಚೊಂಬು ಬಿಸಿನೀರು. ಬಲು ಚಂದದ ಐಡಿಯಾ. ಇದರಲ್ಲಿ ನೋಡ್ಬೇಕಾದ್ದು ಬೆಂಕಿ ಕೂರೋ ಜಾಗದ ಎತ್ತರ ಮತ್ತೆ ನಡುವಿನ ಕೊಳವೆ ಅಗಲ. ಕೊಳವೆ ಸಣ್ಣದಾಗಿದ್ರೆ ಹೊಗೆ ಬಾಯಿಂದ ವಾಪಸ್ ಬರುತ್ತೆ. ಬೆಂಕಿ ಗೂಡಿನ ಗೋಡೇನೂ ನೀರಿನದ್ದೇ ಆಗಿದ್ರೆ ಜ್ವಾಲೆ ನಾಲ್ಕೂ ಕಡೆಯಿಂದ ತಣ್ಣಗಾಗುತ್ತೆ, ಅಂಥದ್ದು ತಗೋಬೇಡಿ. ಕೆಳಗೆ ಬೇರೆ ಬೆಂಕಿ ಗೂಡು, ಒಳಗೆ ಇಟ್ಟಿಗೆಯದ್ದೋ ಮಣ್ಣಿಂದೋ ಲೈನಿಂಗ್ ಇರೋದು ಒಳ್ಳೇದು.

ಅಂಗಡಿಯವರು ತಾಮ್ರ ಆದ್ರೆ ಬೇಗ ಕಾಯುತ್ತೆ, ಸೌದೆ ಅರ್ಧ ಸಾಕು ಅಂತಾರೆ. ಅದು ಅರ್ಧ ಸತ್ಯನೂ ಅಲ್ಲ. ಶಾಖಕ್ಕೆ ಅಡ್ಡ ನಿಲ್ಲೋದು ಲೋಹ ಅಲ್ಲ, ಲೋಹದ ಹೊರಗಿನ ಹೊಗೆಗಾಳಿ ಪದರ ಮತ್ತೆ ಮಸಿ. ತಾಮ್ರ ಇರ್ಲಿ ಸ್ಟೀಲ್ ಇರ್ಲಿ ಸೌದೆ ಲೆಕ್ಕದಲ್ಲಿ ಏನೂ ದೊಡ್ಡ ವ್ಯತ್ಯಾಸ ಬರಲ್ಲ. ತಾಮ್ರಕ್ಕೆ ತುಕ್ಕು ಹಿಡಿಯಲ್ಲ, ಬೆಸುಗೆ ಹಾಕ್ಬೋದು, ಮುರಿದ್ರೂ ತೂಕಕ್ಕೆ ದುಡ್ಡು ಬರುತ್ತೆ, ಕಳ್ಳರಿಗೂ ಗೊತ್ತು ಅದು. ಇದಕ್ಕಾಗಿ ತಗೊಳ್ಳಿ, ಉಳಿತಾಯಕ್ಕಾಗಿ ಅಲ್ಲ.

ಎರಡನೇದು, ನಾನು ಹೆಚ್ಚು ಮಾಡ್ಕೊಡೋದು, ಹಳೇ ಹಂಡೇನೇ ಇಟ್ಕೊಂಡು ಕೆಳಗಿನ ಒಲೆ ಬದಲಾಯಿಸೋದು. ಅದನ್ನ ಕೊನೆಗೆ ಹೇಳ್ತೀನಿ.

ಮೂರನೇದು, ಈಗ ಹೊಸಾ ಮನೆಯವರೆಲ್ಲ ಕೇಳ್ತಿರೋದು, ಮುಚ್ಚಿದ ಟ್ಯಾಂಕು, ಒಲೆ ಹೊರಗೆ, ಪೈಪಲ್ಲಿ ನೀರು ನೇರ ಬಚ್ಚಲ ನಲ್ಲಿಗೆ. ಅನುಕೂಲ ನಿಜ. ಆದ್ರೆ ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡ್ತೀನಿ. ಗೀಸರ್ ಆದ್ರೆ ಬಿಸಿಯಾದ ಮೇಲೆ ತಾನೇ ಆಫ್ ಆಗುತ್ತೆ. ಸೌದೆಗೆ ಸ್ವಿಚ್ ಇಲ್ಲ. ನೀರು ಆವಿಯಾದ್ರೆ ಒಂದಕ್ಕೆ ಸಾವಿರದ ಆರುನೂರು ಪಟ್ಟು ಜಾಗ ಕೇಳುತ್ತೆ. ಅದಕ್ಕೆ ಟ್ಯಾಂಕಿನ ನೆತ್ತಿಯಿಂದ ಒಂದು ಪೈಪು ಮೇಲಿನ ತಣ್ಣೀರು ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಆಕಾಶಕ್ಕೆ ಬಾಯಿ ತೆರೆದು ನಿಂತಿರ್ಬೇಕು, ಅದರ ಮಧ್ಯೆ ನಲ್ಲಿ, ವಾಲ್ವು, ಮುಚ್ಚಳ ಏನೂ ಕೂಡದು. ನಮ್ಮ ಪರಿಚಯದವರ ಮನೇಲಿ ಒಬ್ಬ ವೆಲ್ಡಿಂಗ್‌ನವನು ಆ ಪೈಪಿಂದ ನೀರು ಉಕ್ಕುತ್ತೆ ಅಂತ ಅದಕ್ಕೊಂದು ಗೇಟ್ ವಾಲ್ವ್ ಕೂರಿಸಿ ಕೊಟ್ಟಿದ್ದ. ಒಂದಿನ ಬೆಳಿಗ್ಗೆ ಯಾರೋ ಅದನ್ನ ತಿರುಗ್ಸಿದ್ರು. ಟ್ಯಾಂಕಿನ ತಳದ ಬೆಸುಗೆ ಬಿಟ್ಟು, ಒಲೆ ಬೂದಿ, ಕೆಂಡ, ಕುದಿಯೋ ನೀರು ಎಲ್ಲ ಅಂಗಳಕ್ಕೆ. ಮನೆಯವರೆಲ್ಲ ತೋಟದಲ್ಲಿದ್ರು, ಪುಣ್ಯ. ವಾಲ್ವ್ ತಿರುಗಿಸಿದ್ದು ಯಾರು ಅಂತ ಇವತ್ತಿಗೂ ಒಪ್ಕೊಂಡಿಲ್ಲ. ಇನ್ನೊಂದು, ಟ್ಯಾಂಕಲ್ಲಿ ನೀರಿದೆಯೋ ಇಲ್ವೋ ನೋಡ್ದೆ ಬೆಂಕಿ ಹಾಕ್ಬೇಡಿ, ಕರೆಂಟ್ ಹೋಗಿ ಪಂಪು ನಿಂತ ದಿನ ಇದು ಆಗೋದು.

ಇನ್ನು ಸೌದೆ. ಎಂಥಾ ಒಲೆ ತಂದ್ರೂ ಹಸಿ ಸೌದೆ ಹಾಕಿದ್ರೆ ಅದು ಹೊಗೆ ಮಾಡೋ ಮಷೀನು. ಈಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತೆ. ಆ ನೀರು ಆರಿಸೋಕೆ ಹೋಗೋ ಶಾಖ ಇರ್ಲಿ, ಅದಕ್ಕಿಂತ ದೊಡ್ಡ ಕೇಡು ಏನಂದ್ರೆ ಬೆಂಕಿ ಕಾವೇ ಇಳಿಯುತ್ತೆ, ಆಗ ಗ್ಯಾಸ್ ಹೊತ್ಕೊಳಲ್ಲ. ಹಾಗಾಗಿ ಸೌದೆ ಕೆಲಸ ಬೇಸಿಗೇಲೇ, ಜನವರಿ ಫೆಬ್ರವರೀಲಿ ಕಡಿದು ಸೀಳಿ, ಗಾಳಿ ಆಡೋ ಕೊಟ್ಟಿಗೇಲಿ ನೆಲದಿಂದ ಎತ್ತರಿಸಿ ಪೇರಿಸ್ಬೇಕು. ಸೀಳೋದು ಮುಖ್ಯ, ಇಡೀ ಕುಂಟೆ ತೊಗಟೆ ಸಮೇತ ಎರಡು ವರ್ಷ ಇಟ್ರೂ ಒಳಗೆ ಹಸಿಯೇ. ಮಣಿಕಟ್ಟಿನ ದಪ್ಪಕ್ಕಿಂತ ದಪ್ಪ ಬೇಡ. ಎರಡು ಚಕ್ಕೆ ತಗೊಂಡು ಒಂದಕ್ಕೊಂದು ಬಡಿದು ನೋಡಿ, ಟಣ್ ಅಂದ್ರೆ ಒಣಗಿದೆ, ಡಬ್ ಅಂದ್ರೆ ಇಲ್ಲ. ಅಕೇಶಿಯಾ ಆಗ್ಲಿ ಗಾಳಿಮರ ಆಗ್ಲಿ ಬಯಲುಸೀಮೆಯ ಜಾಲಿ ಆಗ್ಲಿ, ಒಣಗಿದ ಕೆಜಿ ಲೆಕ್ಕದಲ್ಲಿ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಶಾಖ, ಜಾತಿ ಜಗಳ ಬೇಡ.

ತೆಂಗಿನ ಕರಟ ಅಮೃತ. ಸಿಪ್ಪೆ ಸೋಗೆ ಹಾಕಿ, ಆದ್ರೆ ಅದರ ಹೊಗೇಲಿ ಉಪ್ಪಿನಂಶ ಜಾಸ್ತಿ, ಲೋಹ ತಿನ್ನುತ್ತೆ, ದಿನಾ ಅದೇ ಹಾಕೋರು ತಗಡಿನ ಚಿಮಣಿ ಬೇಗ ಬದಲಾಯಿಸೋಕೆ ತಯಾರಿರಿ. ಅಡಿಕೆ ಸಿಪ್ಪೆ ಒತ್ತಿ ತುಂಬಿದ್ರೆ ಉರಿಯಲ್ಲ, ಕಮರುತ್ತೆ, ಚಕ್ಕೆ ಜೊತೆ ಸ್ವಲ್ಪ ಸ್ವಲ್ಪ ಹಾಕ್ಬೇಕು. ಗೇರುಬೀಜದ ಸಿಪ್ಪೆ ಬೇಡವೇ ಬೇಡ, ಅದರ ಎಣ್ಣೆ ಹೊಗೆ ಕಣ್ಣು ಚರ್ಮ ಸುಡುತ್ತೆ. ಮತ್ತೆ ಬೆಂಕಿ ಹೊತ್ತಿಸೋಕೆ ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿ, ಹಳೇ ಚಪ್ಪಲಿ... ಯಾರು ನಗ್ತಿರೋದು ಹಿಂದೆ? ಹೌದು, ನಿಮ್ಮನೆ ಚಪ್ಪಲಿ ವಾಸನೆ ನಮ್ಮನೆವರೆಗೂ ಬಂದಿತ್ತು ಮೊನ್ನೆ.

ಉರಿಸೋ ಕ್ರಮದಲ್ಲೂ ಒಂದು ತಪ್ಪು ಅಭ್ಯಾಸ ಇದೆ ನಮಗೆ. ರಾತ್ರಿ ಒಂದ್ ದೊಡ್ಡ ಕುಂಟೆ ತುರುಕಿ, ಗಾಳಿ ಬಾಯಿ ಮುಚ್ಚಿ, ಬೆಳಗ್ಗೆವರೆಗೂ ಮೆಲ್ಲಗೆ ಉರೀಲಿ ಅಂತ ಬಿಡೋದು. ಅದು ಉರಿಯೋದಲ್ಲ, ಕಮರೋದು, ರಾತ್ರಿಯಿಡೀ ಟಾರ್ ತಯಾರಿಸೋದು. ಜೋರಾಗಿ, ಕಡಿಮೆ ಹೊತ್ತು ಉರಿಸಿ. ಶಾಖ ಕೂಡಿಡೋಕೆ ನೀರಿದೆಯಲ್ಲ, ಹಂಡೆ ಮೇಲೆ ಮುಚ್ಚಳ ಹಾಕಿ, ಟ್ಯಾಂಕಾದ್ರೆ ಸುತ್ತ ತೆಂಗಿನ ನಾರೋ ಗ್ಲಾಸ್ ವುಲ್ಲೋ ಸುತ್ತಿ, ಬೆಳಿಗ್ಗೆವರೆಗೂ ಬಿಸಿ ಇರುತ್ತೆ.

ಚಿಮಣಿ ಸೂರಿನ ನೆತ್ತಿಗಿಂತ ಎರಡಡಿ ಮೇಲಿರ್ಲಿ, ಇಲ್ದಿದ್ರೆ ಗಾಳಿ ಹೊಗೆಯನ್ನ ವಾಪಸ್ ತಳ್ಳುತ್ತೆ. ಬುಡದಲ್ಲಿ ತೆಗೆದು ಹಾಕೋ ಒಂದು ಮುಚ್ಚಳ ಇರ್ಲೇಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿ ಕಟ್ಟಿ ಮೇಲಿಂದ ಕೆಳಗೆ ಎಳೀರಿ, ಹಂಡೆ ಅಡೀನೂ ಅವತ್ತೇ ಕೆರೀರಿ. ಬಂದ ಮಸಿ ಬೆರಳಲ್ಲಿ ಉಜ್ಜಿ: ಬೂದು ಬಣ್ಣದ ಒಣ ಪುಡಿ ಬಂದ್ರೆ ನಿಮ್ಮ ಒಲೆ ಚೆನ್ನಾಗಿ ಉರೀತಿದೆ, ಹೊಳೆಯೋ ಕಪ್ಪು ಅಂಟು ಬಂದ್ರೆ ಸೌದೆ ಹಸಿ ಅಥವಾ ಗಾಳಿ ಸಾಲ್ತಿಲ್ಲ. ಆ ಅಂಟೇ ಒಂದಿನ ಕೊಳವೆ ಒಳಗೆ ಹೊತ್ಕೊಳ್ಳೋದು. ನಮ್ಮನೇಲಿ ಒಮ್ಮೆ ಆಗಿದೆ, ವಿಮಾನ ಹೋದಂಗೆ ಸದ್ದು, ತಗಡು ಕೆಂಪಗಾಗಿತ್ತು, ಪಕ್ಕದಲ್ಲೇ ಸೂರಿನ ಪಕಾಸಿ. ಅವತ್ತು ಬಾಗಿಲು, ಗಾಳಿ ಕಿಂಡಿ ಎಲ್ಲ ಮುಚ್ಚಿ ಕಾದೆವು, ಆರಿತು.

ಒಂದು ಮಾತು ಬಾಣಂತಿ ಇರೋ ಮನೆಯವರಿಗೆ. ನೀರು ಹಾಕ್ಸೋಕೆ ದಿನಕ್ಕೆ ಎರಡು ಮೂರು ಹಂಡೆ ಕಾಯಿಸ್ತೀರಿ, ಕಾಯಿಸಿ. ಆದ್ರೆ ಬೆಂಕಿ ಬಾಯಿ ಬಚ್ಚಲ ಹೊರಗಡೆ ಇರ್ಲಿ. ಆ ಕೆಂಡ ತುಂಬಿದ ಅಗ್ಗಿಷ್ಟಿಕೆ ತಂದು ಬಾಗಿಲು ಕಿಟಕಿ ಮುಚ್ಚಿದ ಕೋಣೇಲಿ ಇಡ್ಬೇಡಿ. ಕೆಂಡ ಹೊಗೆ ಬಿಡಲ್ಲ, ಆದ್ರೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತೆ.

ಸೋಲಾರ್ ಹಾಕ್ಸಿದ್ರೆ ಸಾಲ್ದಾ ಅಂತ ಚೀಟಿ ಬಂದಿದೆ. ಹಾಕ್ಸಿ. ಎಂಟು ತಿಂಗಳು ಒಲೆ ಹಚ್ಚೋದೇ ಬೇಡ, ಅದಕ್ಕಿಂತ ಶುದ್ಧ ಒಲೆ ಇಲ್ಲ. ಜೂನಿಂದ ನಾಲ್ಕು ತಿಂಗಳು ಮಾತ್ರ ನಮ್ಮೂರಲ್ಲಿ ಸೂರ್ಯ ರಜೆ.

ಇನ್ನೊಂದು ಚೀಟಿ: ಅಜ್ಜನ ಕಾಲದ ತಾಮ್ರದ ಹಂಡೆ ಇದೆ, ಮಾರಿ ಬಾಯ್ಲರ್ ತರಬೇಕಾ? ಬೇಡ. ಇದಕ್ಕೇ ಕಾಯ್ತಿದ್ದೆ. ಹಂಡೆ ಎತ್ತಿ, ಕೆಳಗಿನ ಒಲೆ ಒಡೀರಿ. ಸೌದೆ ಬಾಯಿ ಚಿಕ್ಕದು ಮಾಡಿ, ಒಂದು ಗೇಣಿಗಿಂತ ಕಡಿಮೆ ಅಗಲ. ಸೌದೆ ಕೂರೋಕೆ ಕಬ್ಬಿಣದ ಸರಳಿನ ಜಾಲರಿ, ಅದರಡಿ ಗಾಳಿ ಬರೋಕೆ, ಬೂದಿ ತೆಗೆಯೋಕೆ ಜಾಗ. ಜಾಲರಿಯಿಂದ ಹಂಡೆ ಅಡಿವರೆಗೆ ಒಂದೂಕಾಲು ಅಡಿ ಎತ್ತರದ ಇಟ್ಟಿಗೆ ಕೊಳವೆ, ಅದರ ಸುತ್ತ ಭತ್ತದ ಹೊಟ್ಟಿನ ಬೂದಿ ತುಂಬಿ, ಅಷ್ಟು ಒಳ್ಳೆ ಕಂಬಳಿ ದುಡ್ಡು ಕೊಟ್ರೂ ಸಿಗಲ್ಲ. ಒಳಗೆ ಸಿಮೆಂಟ್ ಬೇಡ, ಕಾವಿಗೆ ಬಿರೀತದೆ, ಜೇಡಿಮಣ್ಣೇ ಸಾಕು. ಹಂಡೆ ಹೊಟ್ಟೆಗೂ ಒಲೆ ಗೋಡೆಗೂ ಮಧ್ಯೆ ಒಂದು ಬೆರಳು ಸಂದು ಸುತ್ತಲೂ ಬಿಟ್ಟು, ಮೇಲೆ ಕೊರಳ ಹತ್ರ ಮಣ್ಣಲ್ಲಿ ಮುಚ್ಚಿ, ಹಿಂದಿಂದ ನಾಲ್ಕಿಂಚಿನ ಚಿಮಣಿ. ಬಿಸಿ ಹೊಗೆ ಹಂಡೆಯ ಮೈಯೆಲ್ಲ ಉಜ್ಕೊಂಡೇ ಹೋಗ್ಬೇಕು. ನಮ್ಮನೆ ಹಂಡೆ ಈಗ ಹೀಗೇ ಕೂತಿದೆ. ತಕ್ಕಡಿ ಮತ್ತೆ ತಂದೆ, ಈ ಸಲ ಹೆಂಡತೀನೇ ತೂಗಿದ್ಲು, ಎರಡು ಕೆಜಿ ಚಿಲ್ಲರೆ ಬಂತು. ಹಂಡೆ ಕೊರಳು ಹೇಗೂ ಹೊರಗೇ ಇರುತ್ತೆ, ಹಿಂಡ್ಲೆಕಾಯಿ ಬಳ್ಳಿ ಕಟ್ಟೋಕೆ ಏನೂ ತೊಂದ್ರೆ ಇಲ್ಲ.