ಎಲ್ಲ ಕಡೆ ಸಿಗುತ್ತೆ ಅಂತ ಬಿಟ್ಟ ಹಕ್ಕಿ

ಮಡಗಾಸ್ಕರ್‌ನ ರಾಜಧಾನಿ ಅಂಟಾನಾನರಿವೊ. ನವೆಂಬರ್ ತಿಂಗಳು, ಅಲ್ಲಿ ಮಳೆಗಾಲ ಶುರುವಾಗುವ ಹೊತ್ತು. ನಾನು ಉಳಿದುಕೊಂಡಿದ್ದ ಮನೆಯ ಹಿತ್ತಲಲ್ಲಿ, ದಾಸವಾಳದ ಬೇಲಿಯ ತುದಿಗೆ ಒಂದು ಹಕ್ಕಿ ಬಂದು ಕೂತಿತು. ಗುಬ್ಬಚ್ಚಿಗಿಂತ ಒಂಚೂರು ಚಿಕ್ಕದು. ತಲೆ, ಎದೆ, ಹೊಟ್ಟೆ ಎಲ್ಲ ಹಣ್ಣು ಮೆಣಸಿನಕಾಯಿಯ ಕೆಂಪು. ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ರೆಕ್ಕೆ ಮಾತ್ರ ಕಂದು.

ಹೆಸರು ಫುಡಿ. ಇಂಗ್ಲಿಷ್ ಪುಸ್ತಕ ಹಿಡಿದ ನಾವು ಫೋಡಿ ಅಂತ ಓದುತ್ತೇವೆ, ಆದರೆ ಅಲ್ಲಿನ ಮಲಗಾಸಿ ಭಾಷೆಯಲ್ಲಿ ‘ಒ’ ಬರೆದರೆ ‘ಉ’ ಅನ್ನಬೇಕು. ಫುಡಿಮೇನ ಅಂತಲೂ ಕರೆಯುತ್ತಾರೆ. ಮೇನ ಅಂದರೆ ಕೆಂಪು.

ಜೊತೆಗಿದ್ದವರು ಒಮ್ಮೆ ನೋಡಿದರು. "ಅಯ್ಯೋ, ಇದು ಎಲ್ಲ ಕಡೆ ಸಿಗುತ್ತೆ. ಇನ್ನು ನಾಲ್ಕು ದಿನಕ್ಕೆ ಅಂಡಾಸಿಬೆ ಕಾಡಿಗೆ ಹೋಗ್ತೀವಲ್ಲ" ಅಂದು ಕಾಫಿಗೆ ಹೊರಟರು. ನನಗೆ ನಿಜಕ್ಕೂ ಬೇಜಾರಾಯಿತು. ಎಲ್ಲ ಕಡೆ ಸಿಗುತ್ತೆ ಅನ್ನೋದು ನೋಡದೆ ಇರೋದಕ್ಕೆ ಕಾರಣ ಹೇಗಾಗುತ್ತೆ? ಕಾಡಿನ ಅಪರೂಪದ ಹಕ್ಕಿ ಎರಡು ಸೆಕೆಂಡು ಮುಖ ತೋರಿಸಿ ಮರೆಯಾಗುತ್ತದೆ. ಹಿತ್ತಲಿನ ಹಕ್ಕಿ ಇಡೀ ಸಂಸಾರವನ್ನೇ ನಮ್ಮೆದುರು ನಡೆಸುತ್ತದೆ.

ನಾಲ್ಕು ದಿನವೂ ಬೆಳಗ್ಗೆ ನಾನು ಅಲ್ಲೇ ಕೂತೆ. ಸುಮ್ನೆ, ಕ್ಯಾಮೆರಾ ಕೂಡ ಇಲ್ಲದೆ. ಇನ್ನೊಂದು ಗಂಡು ಬೇಲಿಗೆ ಬಂದರೆ ಸಾಕು, ನಮ್ಮ ಫುಡಿ ಬೆನ್ನಿನ ಪುಕ್ಕ ಉಬ್ಬಿಸಿ, ರೆಕ್ಕೆ ಜೋತುಬಿಟ್ಟು, ಕೀರಲು ದನಿಯಲ್ಲಿ ಗದರುತ್ತಿತ್ತು. ಅದು ತೊಲಗಿದ ಮೇಲೆ ಮತ್ತೆ ಕೆಲಸ. ಉದ್ದದ ಹುಲ್ಲೆಳೆ ತರುವುದು, ನೇಯುವುದು. ಗೂಡು ಗುಂಡಗೆ, ಬಾಗಿಲು ಬದಿಯಲ್ಲಿ. ಫುಡಿ ನಮ್ಮ ಗೀಜಗದ ನೆಂಟ, ಎರಡೂ ನೇಕಾರ ಹಕ್ಕಿಗಳ ಕುಟುಂಬದವು. ಆದರೆ ಗೀಜಗ ಒಂದೇ ಮರದಲ್ಲಿ ಹತ್ತಾರು ಗೂಡು ಜೋತುಬಿಡುವ ಗುಂಪಿನ ಹಕ್ಕಿ. ಫುಡಿ ತನ್ನ ಜಾಗ ಕಾಯ್ದುಕೊಂಡು, ಒಂದು ಹೆಣ್ಣಿನ ಜೊತೆ ಸಂಸಾರ ಹೂಡುತ್ತದೆ.

ಈ ಕೆಂಪೂ ವರ್ಷವಿಡೀ ಇರುವುದಿಲ್ಲ. ಮರಿ ಮಾಡುವ ಕಾಲ ಮುಗಿದರೆ ಪುಕ್ಕ ಉದುರಿ, ಗಂಡೂ ಹೆಣ್ಣಿನ ಹಾಗೆ ಕಂದಾಗುತ್ತದೆ. ಆಗ ಬಂದವರು ಅದನ್ನು ಗುಬ್ಬಚ್ಚಿ ಅಂದುಕೊಂಡು ಹೋಗುತ್ತಾರೆ.

ಇಷ್ಟಕ್ಕೂ ಇದು ಎಲ್ಲ ಕಡೆ ಯಾಕಿದೆ? ಕಾಡು ಕಡಿದು ಗದ್ದೆ, ಹುಲ್ಲುಗಾವಲು, ಹಿತ್ತಲು ಮಾಡಿದಷ್ಟೂ ಇದಕ್ಕೆ ಜಾಗ ಜಾಸ್ತಿಯಾಯಿತು. ಮಾಗಿದ ಭತ್ತಕ್ಕೆ ಹಿಂಡು ಹಿಂಡಾಗಿ ಇಳಿಯುತ್ತದೆ. ಮೂರು ಹೊತ್ತೂ ಅನ್ನ ಉಣ್ಣುವ ನಾಡು ಅದು. ರೈತರು ಓಡಿಸಿದರೆ ನಾನು ತಪ್ಪು ಅನ್ನಲಾರೆ. ಪೂರ್ವದ ಮಳೆಕಾಡಿನಲ್ಲಿ ಇದರ ದಾಯಾದಿ ಇನ್ನೊಂದು ಫುಡಿ ಇದೆ. ಅದಕ್ಕೆ ಕಾಡೇ ಬೇಕು. ಕಾಡು ಹಿಂದೆ ಸರಿದರೆ ಅದೂ ಹಿಂದೆ ಸರಿಯಬೇಕು. ಖಾಲಿಯಾದ ಜಾಗಕ್ಕೆ ಈ ಹಿತ್ತಲಿನ ಫುಡಿ ಬರುತ್ತದೆ. ಇದನ್ನು ನೋಡಿಕೊಂಡು ಹೋಗಿದ್ದರಿಂದಲೇ ಅಂಡಾಸಿಬೆಯ ಕಾಡಂಚಿನಲ್ಲಿ ಮರ ಎಲ್ಲಿ ನಿಂತಿತು, ಗದ್ದೆ ಎಲ್ಲಿ ಶುರುವಾಯಿತು ಅಂತ ನನ್ನ ಕಣ್ಣು ಹುಡುಕಿತು.

ಕಾಡಿಗೆ ಹೊರಡುವ ಬೆಳಗ್ಗೆ ಕಾರು ಬಾಗಿಲಲ್ಲಿ ನಿಂತಿತ್ತು. ಅಷ್ಟರಲ್ಲಿ ಕಂದು ಬಣ್ಣದ ಹೆಣ್ಣು ಬಂತು. ಗೂಡಿನೊಳಗೆ ತಲೆ ಹಾಕಿತು, ಹೊರಗೆ ಬಂದು ಬೇಲಿ ಮೇಲೆ ಕೂತಿತು, ಮತ್ತೆ ಒಳಗೆ ಹೋಯಿತು. ಗಂಡು ಮಾತ್ರ ಸದ್ದಿಲ್ಲದೆ ಪಕ್ಕದ ಕೊಂಬೆಯಲ್ಲಿ ಕಾಯುತ್ತಿತ್ತು.